ಮಂಡ್ಯದಿಂದ ಊಟಿಗೆ, ಜನವರಿ ಚಳಿಯಲ್ಲಿ: 200 ಪಿಎಸ್ ಪೆಟ್ರೋಲ್ ಗಾಡಿಯ ಮೈಲೇಜ್ ಹೋಗಿದ್ದೆಲ್ಲಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮಂಡ್ಯದಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಹೊರಟೆವು. ಊಟಿಯಲ್ಲಿ ಮೂರು ರಾತ್ರಿ ಇದ್ದು ವಾಪಸ್ ಬಂದು, ಅದೇ ಬಂಕ್‌ನಲ್ಲಿ ಅದೇ ಪಂಪಿನ ಮುಂದೆ ನಿಲ್ಲಿಸಿ ಮತ್ತೆ ಫುಲ್ ಮಾಡಿಸಿದೆವು. ಓಡಿದ್ದು 474 ಕಿಲೋಮೀಟರ್. ಹಿಡಿದದ್ದು 42.7 ಲೀಟರ್. ಅಂದರೆ ಲೀಟರಿಗೆ 11.1. ಗಾಡಿ ಎಕ್ಸ್‌ಯುವಿ 700, 2 ಲೀಟರ್ ಟರ್ಬೊ ಪೆಟ್ರೋಲ್, ಆಟೋಮ್ಯಾಟಿಕ್, 200 ಪಿಎಸ್ (ಎಂಜಿನ್ ಶಕ್ತಿಯ ಅಳತೆ, ಹೆಚ್ಚುಕಮ್ಮಿ ಹಾರ್ಸ್‌ಪವರ್ ಇದ್ದ ಹಾಗೆ). ಒಳಗೆ ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಹಿಂದೆ ಕಂಬಳಿ ಸ್ವೆಟರ್‌ಗಳ ಮೂಟೆ.

ಊಟಿಗೆ ಹೋಗುವವರೆಲ್ಲ ಹೆದರುವುದು ಘಾಟಿಗೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ದಾರಿಯ ಒಂದೊಂದು ಭಾಗಕ್ಕೂ ಟ್ರಿಪ್ ಮೀಟರ್ ಸೊನ್ನೆ ಮಾಡಿ ಬರೆದಿಟ್ಟುಕೊಂಡು ನೋಡಿದಾಗ ಗೊತ್ತಾಯಿತು, ನಮ್ಮ ಗಾಡಿ ಕೆಟ್ಟದಾಗಿ ಪೆಟ್ರೋಲ್ ಕುಡಿದದ್ದು ಘಾಟಿಯಲ್ಲಲ್ಲ, ಊಟಿ ಊರೊಳಗೆ, ತಣ್ಣಗಿನ ಎಂಜಿನ್‌ನಲ್ಲಿ ಚಿಕ್ಕ ಚಿಕ್ಕ ದೂರ ಸುತ್ತಾಡಿದ್ದರಲ್ಲಿ. ಅದನ್ನೇ ಹೇಳೋಣ ಅಂತ ಇಷ್ಟು ಬರೆಯುತ್ತಿದ್ದೇನೆ.

ಬೆಳಗ್ಗೆ ನಾಲ್ಕು ಗಂಟೆಗೆ ಮನೆ ಬಿಟ್ಟೆವು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ, ಹಾಗಾಗಿ ಅದಕ್ಕಿಂತ ಬೇಗ ಹೋಗಿ ಗೇಟಿನ ಮುಂದೆ ಕೂತರೂ ಪ್ರಯೋಜನವಿಲ್ಲ. ನಂಜನಗೂಡು ದಾಟಿ ಗುಂಡ್ಲುಪೇಟೆಯಲ್ಲಿ ಒಂದು ಕಾಫಿ ಕುಡಿದು ಹೊರಟರೆ ಸರಿಯಾದ ಹೊತ್ತಿಗೆ ಗೇಟ್ ಸಿಗುತ್ತದೆ. ಮೈಸೂರಿನಿಂದ ಹೊರಡುವವರು ಅರ್ಧ ಮುಕ್ಕಾಲು ಗಂಟೆ ಜಾಸ್ತಿ ಮಲಗಬಹುದು. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಮನೆಯಲ್ಲೇ ಮಾಡಿಸಿ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಕಕ್ಕನಹಳ್ಳ ಚೆಕ್‌ಪೋಸ್ಟ್ ಹತ್ತಿರ ನಿಂತು ನೆಟ್‌ವರ್ಕ್ ಹುಡುಕುವ ಕೆಲಸ ಬೇಡ. ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಒಯ್ಯಬೇಡಿ, ಅಲ್ಲಿ ಅದಕ್ಕೆ ನಿಷೇಧವಿದೆ. ಸ್ಟೀಲ್ ಬಾಟಲಿಯೇ ಒಳ್ಳೆಯದು. ಪೆಟ್ರೋಲ್ ಕಮ್ಮಿ ಇದ್ದರೆ ಗುಂಡ್ಲುಪೇಟೆಯಲ್ಲೇ ಹಾಕಿಸಿ, ಕಾಡಿನ ನಡುವೆ ಬಂಕ್ ಹುಡುಕುವ ಹಾಗೆ ಮಾಡಿಕೊಳ್ಳಬೇಡಿ.

ಮಂಡ್ಯದಿಂದ ಗೂಡಲೂರಿನ ತನಕ 155 ಕಿಲೋಮೀಟರ್, ಲೀಟರಿಗೆ 13 ಬಂತು. ಇಷ್ಟು ಭಾರದ ಗಾಡಿಗೆ ಇದು ಚೆನ್ನಾಗಿಯೇ ಇದೆ. ನಾನು 80–85ರಲ್ಲೇ ಇದ್ದೆ, ಅಷ್ಟೇ ಗುಟ್ಟು. ಮೈಸೂರು ಹೆದ್ದಾರಿಯಲ್ಲಿ 100ರ ತನಕ ಹೋಗಬಹುದು ನಿಜ, ಆದರೆ ಗಾಳಿಯ ತಡೆ ವೇಗದ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಜಾಸ್ತಿ, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ. ಎತ್ತರದ ಎಸ್‌ಯುವಿ, ಅದರ ಮೇಲೆ ಕ್ಯಾರಿಯರ್ ಕಟ್ಟಿ ಚೀಲ ಹೇರಿದರೆ ಇನ್ನೂ ಕಷ್ಟ. ನಮ್ಮದೆಲ್ಲ ಒಳಗೇ ತುರುಕಿದೆವು. ಕಾಡಿನ ರಸ್ತೆಯಲ್ಲಂತೂ ಹಂಪ್ ಮೇಲೆ ಹಂಪ್, ಅಲ್ಲಿ ವೇಗದ ಮಾತೇ ಇಲ್ಲ. ಅವಸರ ಮಾಡಬೇಡಿ. ಜಿಂಕೆ, ಆನೆ ಯಾವಾಗ ಬೇಕಾದರೂ ಅಡ್ಡ ಬರುತ್ತವೆ. ಫೋಟೋಗೆ ಅಂತ ಎಲ್ಲೂ ನಿಲ್ಲಿಸಬೇಡಿ, ಇಳಿಯಲೂ ಬೇಡಿ.

ಗೂಡಲೂರಿನಿಂದ ಊಟಿಗೆ 50 ಕಿಲೋಮೀಟರ್. ಊಟಿ ಇರುವುದು ಸುಮಾರು 2240 ಮೀಟರ್ ಎತ್ತರದಲ್ಲಿ, ಹಾಗಾಗಿ ಈ ದಾರಿಯಲ್ಲಿ ಹತ್ತಿರ ಹತ್ತಿರ 1200 ಮೀಟರ್ ಏರಬೇಕು. ಇಲ್ಲಿ 7.4 ಬಂತು. ಇದರಲ್ಲಿ ಗಾಬರಿ ಆಗುವಂಥದ್ದೇನೂ ಇಲ್ಲ. ಜನ, ಲಗೇಜ್ ಸೇರಿ ಎರಡು ಟನ್ ಮೀರುವ ಗಾಡಿಯನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೇ ಸುಮಾರು ಎರಡೂವರೆ ಲೀಟರ್ ಪೆಟ್ರೋಲ್ ಬೇಕಾಗುತ್ತದೆ, ಯಾರೇ ಓಡಿಸಲಿ, ಹೇಗೇ ಓಡಿಸಲಿ. ರಸ್ತೆಗೆ ಆಗುವ ಖರ್ಚು ಬೇರೆ. ಟರ್ಬೊ ಇರುವ ಗಾಡಿಗೆ ಇಲ್ಲಿ ಒಂದು ಅನುಕೂಲವಿದೆ. ಊಟಿಯ ಗಾಳಿ ಸಮುದ್ರ ಮಟ್ಟದ ಗಾಳಿಗಿಂತ ಐದನೇ ಒಂದು ಭಾಗದಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್‌ಗೆ ಅಷ್ಟು ಉಸಿರು ಕಟ್ಟಿದ ಹಾಗೆ, ಟರ್ಬೊ ಆದರೆ ಆ ಕೊರತೆಯನ್ನು ತಾನೇ ಒತ್ತಿ ತುಂಬಿಕೊಡುತ್ತದೆ. ಹಾಗಂತ ತುಳಿಯಬೇಡಿ. 2000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುತ್ತಮುತ್ತ ಇಟ್ಟುಕೊಂಡು ಒಂದೇ ಸಮನೆ ಏರಿದರೆ ಸಾಕು. ಇಂಥ ಎಂಜಿನ್‌ಗೆ ಅಲ್ಲೇ ಬೇಕಾದಷ್ಟು ಎಳೆತ ಇರುತ್ತದೆ.

ಮಸಿನಗುಡಿ ಮೇಲಿನ ಕಲ್ಲಟ್ಟಿ ದಾರಿ ಹತ್ತಿರ, ಆದರೆ 36 ಹೇರ್‌ಪಿನ್ ತಿರುವು, ವಿಪರೀತ ಕಡಿದು. ಅವ್ವನಿಗೆ ತಿರುವಿನಲ್ಲಿ ವಾಂತಿ ಬರುತ್ತೆ, ನಾವು ಆ ಕಡೆ ಹೋಗಲಿಲ್ಲ. ಪೂರ್ತಿ ತುಂಬಿದ ಗಾಡಿ ಇದ್ದರೆ ನೀವೂ ಗೂಡಲೂರು ದಾರಿಯನ್ನೇ ಹಿಡಿಯಿರಿ.

ಈಗ ಮುಖ್ಯ ವಿಷಯ. ಎರಡನೇ ದಿನ ಬೆಳಗ್ಗೆ ಆರೂವರೆಗೆ ಗಾಡಿಯ ಡಿಸ್‌ಪ್ಲೇನಲ್ಲಿ 4 ಡಿಗ್ರಿ. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ, ಮುಂದಿನ ಗಾಜಿನ ಮೇಲೂ ತೆಳುವಾಗಿ ಹೆಪ್ಪುಗಟ್ಟಿತ್ತು. (ಬಯಲಲ್ಲಿ ನಿಲ್ಲಿಸಿದ ಗಾಡಿಯ ಗಾಜು ರಾತ್ರಿ ಗಾಳಿಗಿಂತ ಜಾಸ್ತಿ ತಣ್ಣಗಾಗುತ್ತದೆ, ಅದಕ್ಕೇ 4 ಡಿಗ್ರಿ ಇದ್ದರೂ ಹೆಪ್ಪುಗಟ್ಟುತ್ತದೆ.) ನಾನು ಹೊರಡೋಣ ಅಂದೆ. ಅಪ್ಪ ಬಿಡಲಿಲ್ಲ. "ಇರ್ಲಾ, ಇಂಜಿನ್ ತಣ್ಣಗೈತೆ, ಬಿಸಿ ಆಗ್ಲಿ" ಅಂತ ಸ್ಟಾರ್ಟ್ ಮಾಡಿಸಿ ಇಪ್ಪತ್ತು ನಿಮಿಷ ಹಾಗೇ ನಿಲ್ಲಿಸಿದರು. ಅಪ್ಪ ಹೇಳಿದ್ದು ಅವರ ಕಾಲಕ್ಕೆ ಸರಿಯಾದ ಮಾತೇ. ಅವರು ಓಡಿಸಿದ್ದು ಕಾರ್ಬುರೇಟರ್ ಗಾಡಿ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಬಿಸಿ ಆಗುವ ಮುಂಚೆ ಹೊರಟರೆ ದಾರಿಯಲ್ಲಿ ಎರಡು ಸಲ ಕೆಮ್ಮಿ ಆಫ್ ಆಗಿಬಿಡುತ್ತಿತ್ತು. ಆಯಿಲ್ ಕೂಡ ಆಗ ದಪ್ಪ, 20ಡಬ್ಲ್ಯು-40. ಚಳಿಯಲ್ಲಿ ಹರಿಯಲು ಹೊತ್ತು ಹಿಡಿಯುತ್ತಿತ್ತು.

ಈಗಿನ ಎಂಜಿನ್ ಹಾಗಿಲ್ಲ. ತಣ್ಣಗಿರುವಾಗ ಎಷ್ಟು ಪೆಟ್ರೋಲ್ ಬೇಕು ಅಂತ ಕಂಪ್ಯೂಟರ್ ತಾನೇ ನೋಡಿಕೊಳ್ಳುತ್ತದೆ. ತಣ್ಣಗಿನ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಅದು ಜಾಸ್ತಿ ಸುರಿಯುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ ಆರ್‌ಪಿಎಂ ಕೂಡ ಏರಿಸಿ ಇಟ್ಟಿರುತ್ತದೆ. ಸ್ಟಾರ್ಟ್ ಮಾಡಿದ ತಕ್ಷಣ ಮುಳ್ಳು 1200ರ ಹತ್ತಿರ ಇದ್ದು ಆಮೇಲೆ ಇಳಿಯುತ್ತದಲ್ಲ, ಅದೇ ಇದು. ನಿಂತಲ್ಲೇ ಓಡುವ ಎಂಜಿನ್‌ಗೆ ಕೆಲಸವೇ ಇಲ್ಲ, ಕೆಲಸ ಇಲ್ಲದ ಎಂಜಿನ್ ಬೇಗ ಬಿಸಿಯೂ ಆಗುವುದಿಲ್ಲ. ಇಪ್ಪತ್ತು ನಿಮಿಷ ಆದರೂ ನಮ್ಮ ಟೆಂಪರೇಚರ್ ಮುಳ್ಳು ತನ್ನ ಜಾಗಕ್ಕೆ ಬಂದಿರಲಿಲ್ಲ. ನನ್ನ ಅಂದಾಜಿನಲ್ಲಿ ಹತ್ತಿರ ಹತ್ತಿರ ಅರ್ಧ ಲೀಟರ್ ಅಲ್ಲೇ ಹೋಯಿತು. ಅದೂ ಅಲ್ಲದೆ ಗೇರ್‌ಬಾಕ್ಸ್, ಟೈರ್, ಬೇರಿಂಗ್ ಇವೆಲ್ಲ ಬಿಸಿಯಾಗುವುದು ಗಾಡಿ ಉರುಳಿದಾಗ ಮಾತ್ರ. ನಿಲ್ಲಿಸಿಕೊಂಡು ಎಷ್ಟು ಹೊತ್ತು ಓಡಿಸಿದರೂ ಅವಕ್ಕೆ ಏನೂ ಸಿಗುವುದಿಲ್ಲ.

ಅವತ್ತಿನ ತಿರುಗಾಟವನ್ನೂ ಕೇಳಿ. ತಿಂಡಿಗೆ ಒಂದೂವರೆ ಕಿಲೋಮೀಟರ್ ಹೋಗಿ ವಾಪಸ್. ಒಂದು ಗಂಟೆ ಬಿಟ್ಟು ಕೆರೆಗೆ. ಅವ್ವನಿಗೆ ಸುಸ್ತು ಅಂತ ಮತ್ತೆ ರೂಮಿಗೆ. ಮಧ್ಯಾಹ್ನ ಬಟಾನಿಕಲ್ ಗಾರ್ಡನ್, ಸಂಜೆ ಚಾಕೊಲೇಟ್ ತರಲು ಚೇರಿಂಗ್ ಕ್ರಾಸ್. ಎಲ್ಲಾ ಸೇರಿ 22 ಕಿಲೋಮೀಟರ್. ಪ್ರತಿ ಸಲವೂ ಎಂಜಿನ್ ಬಿಸಿಯಾಗುವ ಹೊತ್ತಿಗೆ ಆಫ್ ಮಾಡಿದೆವು, ಮತ್ತೆ ಆರಿದ ಮೇಲೆ ಸ್ಟಾರ್ಟ್ ಮಾಡಿದೆವು. ಬಂದ ಮೈಲೇಜ್ 5.1. ಘಾಟಿ ಏರುವಾಗ ಬಂದದ್ದಕ್ಕಿಂತ ಕಮ್ಮಿ!

ಮೂರನೇ ದಿನ ನಾನು ಹಟ ಹಿಡಿದೆ. ಅದೇ 4 ಡಿಗ್ರಿ. ಮೊದಲು ಬಟ್ಟೆ ಒದ್ದೆ ಮಾಡಿ ಗಾಜು ಒರೆಸಿದೆವು. (ಬಿಸಿನೀರು ಸುರಿಯಬೇಡಿ, ಗಾಜು ಸೀಳಬಹುದು.) ಎಲ್ಲರೂ ಕೂತು ಬೆಲ್ಟ್ ಹಾಕಿದ ಮೇಲೆ ಸ್ಟಾರ್ಟ್. ಅರ್ಧ ನಿಮಿಷ, ಜಾಸ್ತಿ ಅಂದರೆ ಒಂದು ನಿಮಿಷ, ಆರ್‌ಪಿಎಂ ಇಳಿಯಿತು, ಹೊರಟೆವು. ಮೊದಲ ನಾಲ್ಕೈದು ಕಿಲೋಮೀಟರ್ 2000 ದಾಟಿಸಲಿಲ್ಲ. ಇದು ಬಹಳ ಮುಖ್ಯ. 200 ಪಿಎಸ್ ಇದೆ ಅಂತ ತಣ್ಣಗಿನ ಎಂಜಿನ್ ಮೇಲೆ ತುಳಿದರೆ ಟರ್ಬೊಗೂ ಪಿಸ್ಟನ್‌ಗೂ ಒಳ್ಳೆಯದಲ್ಲ. ಟೆಂಪರೇಚರ್ ಮುಳ್ಳು ಜಾಗಕ್ಕೆ ಬಂದರೂ ಅದು ಕೂಲಂಟ್‌ನ (ಎಂಜಿನ್ ತಂಪು ಮಾಡುವ ದ್ರವದ) ಬಿಸಿ. ಆಯಿಲ್ ಪೂರ್ತಿ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಹಾಗಾಗಿ ಇನ್ನೂ ಸ್ವಲ್ಪ ದೂರ ತಾಳ್ಮೆ ಇರಲಿ. ಹೀಟರ್‌ನ ಫ್ಯಾನ್ ಮೊದಲ ಎರಡು ಮೂರು ನಿಮಿಷ ಆಫ್ ಇಡಿ, ಆ ಬಿಸಿ ಬರುವುದೂ ಎಂಜಿನ್‌ನಿಂದಲೇ ಅಲ್ವಾ? ಗಾಜಿನ ಒಳಗೆ ಮಂಜು ಕಟ್ಟಿದರೆ ಮಾತ್ರ ಡಿಫಾಗರ್ ಜೊತೆ ಎಸಿಯನ್ನೂ ಹಾಕಿ, ಎಸಿ ಒಳಗಿನ ತೇವ ಎಳೆಯುತ್ತದೆ. ಆ ಹೊತ್ತಲ್ಲಿ ಮೈಲೇಜ್ ನೋಡಬೇಡಿ, ರಸ್ತೆ ಕಾಣುವುದು ಮುಖ್ಯ.

ಅವತ್ತು ನೋಡಬೇಕಾದದ್ದನ್ನೆಲ್ಲ ಒಂದೇ ಸುತ್ತಿಗೆ ಜೋಡಿಸಿದ್ದೆವು. ದಾರಿಯಲ್ಲೇ ತಿಂಡಿ, ನೇರ ಕೂನೂರಿನ ಸಿಮ್ಸ್ ಪಾರ್ಕ್, ಬರುವಾಗ ಟೀ ತೋಟ, ಊಟ, ಆಮೇಲೆ ರೂಮು. 42 ಕಿಲೋಮೀಟರ್, ಮೈಲೇಜ್ 8. ಊರೊಳಗಿನ ಟ್ರಾಫಿಕ್ ಕಮ್ಮಿ ಸಿಕ್ಕಿತು, ಅದರ ಪಾಲೂ ಇದೆ. ಆದರೂ ಹಿಂದಿನ ದಿನಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಓಡಿ, ಸುಟ್ಟದ್ದು ಒಂದು ಲೀಟರ್ ಮಾತ್ರ ಜಾಸ್ತಿ. ಅಮೆರಿಕದ ಇಂಧನ ಇಲಾಖೆ ಕೂಡ ಇದನ್ನೇ ಹೇಳುತ್ತದೆ. ಮೈನಸ್ 7 ಡಿಗ್ರಿಯಲ್ಲಿ ಪೆಟ್ರೋಲ್ ಕಾರಿನ ಊರೊಳಗಿನ ಮೈಲೇಜ್, 25 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು 15 ಪರ್ಸೆಂಟ್ ಇಳಿಯುತ್ತದೆ, ಐದಾರು ಕಿಲೋಮೀಟರಿನ ಚಿಕ್ಕ ಓಡಾಟಗಳಲ್ಲಿ ಇನ್ನೂ ಜಾಸ್ತಿ. ಊಟಿಯಲ್ಲಿ ಅಷ್ಟು ಚಳಿ ಇಲ್ಲ, ಆದರೆ ಏರು ತಗ್ಗು ಎಲ್ಲಾ ಸೇರಿ ನಮಗೆ ಹೊಡೆತ ಜೋರಾಗಿಯೇ ಬಿತ್ತು. ಹತ್ತಿರದ ಹೋಟೆಲಿಗೆ ನಡೆದೇ ಹೋಗಿ, ಆಗದವರಿಗೆ ಆಟೋ ಮಾಡಿ.

ಒಂದು ಮಾತು ದಯವಿಟ್ಟು ನೆನಪಿಡಿ. ಕೆಲವು ಕಾಟೇಜ್‌ಗಳಲ್ಲಿ ರೂಮಿನ ಕೆಳಗೇ ಮುಚ್ಚಿದ ಶೆಡ್ ಇರುತ್ತದೆ. ಅದರೊಳಗೆ ಗಾಡಿ ಸ್ಟಾರ್ಟ್ ಮಾಡಿ ಬಿಸಿಯಾಗಲಿ ಅಂತ ಬಿಡಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಣ್ಣಗಿನ ಎಂಜಿನ್ ಅದನ್ನು ಜಾಸ್ತಿ ಬಿಡುತ್ತದೆ. ಮೇಲೆ ಮಲಗಿದ ಮಕ್ಕಳ ಜೀವಕ್ಕೇ ಅಪಾಯ.

ಹೊರಡುವ ಮುಂಚೆ ಮಂಡ್ಯ, ಮೈಸೂರಿನಲ್ಲೇ ಬ್ಯಾಟರಿ ಟೆಸ್ಟ್ ಮಾಡಿಸಿ. ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿ ಒಳಗೊಳಗೇ ಸೋತಿರುತ್ತದೆ, ಅದು ಗೊತ್ತಾಗುವುದು ಚಳಿಯ ಬೆಳಗ್ಗೆ ಸೆಲ್ಫ್ ಹೊಡೆದಾಗ. ಆಯಿಲ್ ಮ್ಯಾನುವಲ್‌ನಲ್ಲಿ ಬರೆದ ಗ್ರೇಡನ್ನೇ ಹಾಕಿಸಿ, ಘಾಟಿಗೆ ದಪ್ಪ ಆಯಿಲ್ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪೆಟ್ರೋಲ್‌ನಲ್ಲಿ ಈಗ 20 ಪರ್ಸೆಂಟ್ ಎಥನಾಲ್ ಇರುತ್ತದೆ, ಎಥನಾಲ್‌ನಲ್ಲಿ ಲೀಟರಿಗೆ ಶಕ್ತಿ ಮೂರನೇ ಒಂದು ಭಾಗ ಕಮ್ಮಿ. ಕಬ್ಬು ಬೆಳೆಯುವ ಊರಿನವರಾದ ನಮಗೆ ಅದರ ಮೇಲೆ ಬೇಜಾರಿಲ್ಲ, ಆದರೆ ಹಳೇ ಟ್ರಿಪ್ಪಿನ ಮೈಲೇಜ್ ಜೊತೆ ಹೋಲಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಟೈರ್ ಗಾಳಿ ವಿಚಾರದಲ್ಲಿ ನನಗೆ ಮೊದಲು ಗೊಂದಲ ಇತ್ತು. ಐದಾರು ಡಿಗ್ರಿ ಇಳಿದರೆ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಮ್ಮಿಯಾಗುತ್ತದೆ. ಮಂಡ್ಯದ ಮಧ್ಯಾಹ್ನ 30 ಡಿಗ್ರಿಯಲ್ಲಿ 33 ಹಿಡಿಸಿದರೆ ಊಟಿಯ ಬೆಳಗ್ಗೆಗೆ ನಾಲ್ಕು ಇಳಿಯಬೇಕಿತ್ತು, ಇಳಿದದ್ದು ಎರಡೇ. ಯಾಕೆ ಅಂದರೆ ಮೇಲೆ ಹೊರಗಿನ ಗಾಳಿಯ ಒತ್ತಡವೂ ಎರಡು ಪಿಎಸ್‌ಐನಷ್ಟು ಕಮ್ಮಿ, ಗೇಜ್ ತೋರಿಸುವುದು ಒಳಗಿನ ಹೊರಗಿನ ವ್ಯತ್ಯಾಸವನ್ನು. ಹಾಗಾಗಿ ಮೂರು ದಿನಕ್ಕೆ ಅಂತ ಅಲ್ಲಿ ಗಾಳಿ ಹಿಡಿಸುವ ಅಗತ್ಯ ನಮಗೆ ಬೀಳಲಿಲ್ಲ. ನೀವು ಹಿಡಿಸಿದರೆ ಕೆಳಗೆ ಬಂದ ಮೇಲೆ ಮರೆಯದೆ ಮತ್ತೆ ನೋಡಿಸಿ.

ಇಳಿಯುವಾಗ ಗೂಡಲೂರಿನ ತನಕ ಬಂದ ಮೈಲೇಜ್ 19. ಗೇರ್‌ನಲ್ಲಿ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ಮ್ಯಾನುವಲ್ ಮೋಡ್‌ಗೆ ಹಾಕಿ ಎರಡು ಮೂರನೇ ಗೇರ್‌ನಲ್ಲಿ ಇಳಿಸಿದೆ. ಬ್ರೇಕ್ ಕೂಡ ಕಾಯಲಿಲ್ಲ. ಉಳಿತಾಯ ಅಂತ ನ್ಯೂಟ್ರಲ್‌ಗೆ ಹಾಕುವವರು ಇನ್ನೂ ಇದ್ದಾರೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡ್ಲಿಂಗ್ ಮಾಡಲು ಪೆಟ್ರೋಲ್ ಸುಡುತ್ತಲೇ ಇರುತ್ತದೆ, ಬ್ರೇಕ್ ಮೇಲೆ ಪೂರ್ತಿ ಭಾರ ಬೀಳುತ್ತದೆ. ಘಾಟಿಯಲ್ಲಿ ಯಾವತ್ತೂ ಹಾಗೆ ಮಾಡಬೇಡಿ.

ಅಲ್ಲಿಂದ ಮಂಡ್ಯಕ್ಕೆ ಮತ್ತೆ ಅದೇ 13. ಅವತ್ತು ಬೆಳಗ್ಗೆ ಊಟಿ ಬಿಡುವಾಗ ಸ್ಟಾರ್ಟ್ ಮಾಡಿದವರು ಅಪ್ಪನೇ. ಆರ್‌ಪಿಎಂ ಇಳಿಯುವ ತನಕ ಮುಳ್ಳನ್ನೇ ನೋಡುತ್ತಾ ಕೂತಿದ್ದು, "ಇಳೀತು ಕಣ್ಲಾ, ನಡಿ" ಅಂದರು.