ಗುಡ್ಡ ನೋಡೋಕೆ ಯಾವ ಮುಹೂರ್ತ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗ ಎರಡು ಕಾಗದಗಳಿವೆ. ಒಂದು, ಅಮ್ಮ ಸಾಗರದಿಂದ ಬರುವಾಗ ಸೀರೆಗಳ ನಡುವೆ ಮಡಚಿ ತಂದ ಕ್ಯಾಲೆಂಡರ್. ಇನ್ನೊಂದು, ನಾನು ಪ್ರಿಂಟ್ ತೆಗೆದ ಪಟ್ಟಿ: ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ, ಚಂದ್ರ ಎಷ್ಟಕ್ಕೆ ಮುಳುಗುತ್ತಾನೆ, ಯಾವ ದಿನ ಎಲ್ಲಿರಬೇಕು. ಹೋದ ಭಾನುವಾರ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಎರಡನ್ನೂ ತುಂಬಾ ಹೊತ್ತು ನೋಡಿದಳು.

"ಅಲ್ಲ ಮಾರಾಯ್ತಿ, ನೀನು ಹೊರಡ್ತಿರೋದು ಪಿತೃಪಕ್ಷದಲ್ಲಿ."

ಹೌದು. ಈ ಸಲ, 2026ರಲ್ಲಿ, ಅಧಿಕ ಮಾಸ ಬಂದು ಹಬ್ಬಗಳೆಲ್ಲಾ ಮುಂದಕ್ಕೆ ಹೋಗಿವೆ. ಸೆಪ್ಟೆಂಬರ್ 26ಕ್ಕೆ ಭಾದ್ರಪದ ಹುಣ್ಣಿಮೆ. ಮರುದಿನದಿಂದ ಪಕ್ಷ. ನನ್ನ ಪಟ್ಟಿಯಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿರುವುದೂ ಅದೇ 27ನೇ ತಾರೀಕು.

ಮೊದಲಿಂದ ಹೇಳುತ್ತೇನೆ. ನಾವಿರುವುದು ಡಲ್ಲಾಸ್ ಹತ್ತಿರ. ದೋಸೆ ಕಾವಲಿಯ ಹಾಗೆ ಚಪ್ಪಟೆ ಊರು. ಗುಡ್ಡ ಅಂತ ನೋಡಬೇಕಾದರೆ ಫ್ಲೈಓವರ್ ಹತ್ತಬೇಕು. ಮಲೆನಾಡಲ್ಲಿ ಬೆಳೆದವಳಿಗೆ ಇದು ಎಷ್ಟು ಹಿಂಸೆ ಅಂತ ಬಯಲುಸೀಮೆಯ ನನ್ನ ಗಂಡನಿಗೆ ಹನ್ನೊಂದು ವರ್ಷದಿಂದ ಅರ್ಥವಾಗಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಕ್ಯಾಮೆರಾದ ನೆಪ ಹೇಳಿ ಎಲ್ಲಾದರೂ ಬೆಟ್ಟದ ಕಡೆ ಓಡುತ್ತೇನೆ. ಈ ಸಲ ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್, ಅದರ ಉತ್ತರಕ್ಕೆ ಇರುವ ಯೆಲ್ಲೋಸ್ಟೋನ್, ಎರಡೂ ರಾಷ್ಟ್ರೀಯ ಉದ್ಯಾನಗಳು. ಹೋಗುವುದು ಆಸ್ಪೆನ್ ಮರದ ಎಲೆ ಹಳದಿಯಾಗುವುದನ್ನು ನೋಡಲು.

ಆಸ್ಪೆನ್ ಎಲೆಯ ತೊಟ್ಟು ದುಂಡಗಿರುವುದಿಲ್ಲ, ರಿಬ್ಬನ್ ಹಾಗೆ ಚಪ್ಪಟೆ. ಅದಕ್ಕೇ ಸಣ್ಣ ಗಾಳಿ ಬಂದರೂ ಇಡೀ ಮರ ಗಲಗಲ ಅನ್ನುತ್ತದೆ, ನಮ್ಮ ಅರಳಿ ಮರದ ಹಾಗೆ. ಒಂದೇ ಬೇರಿನಿಂದ ನೂರಾರು ಕಾಂಡ ಎದ್ದಿರುತ್ತವೆ. ಒಂದು ಬೇರಿನ ಮರಗಳೆಲ್ಲಾ ಹೆಚ್ಚುಕಮ್ಮಿ ಒಟ್ಟಿಗೇ ಹಳದಿಯಾಗುತ್ತವೆ, ಪಕ್ಕದ ಗುಂಪು ಇನ್ನೂ ಹಸಿರಾಗಿರುತ್ತದೆ. ದೂರದಿಂದ ನೋಡಿದರೆ ಗುಡ್ಡಕ್ಕೆ ತೇಪೆ ಹಾಕಿದ ಹಾಗೆ. ಎಲೆಯಲ್ಲಿ ಹಸಿರು ಬಣ್ಣ ಕರಗಿ ಹೋದಾಗ ಮೊದಲಿನಿಂದಲೂ ಒಳಗೇ ಇದ್ದ ಹಳದಿ ಕಾಣಿಸಿಕೊಳ್ಳುತ್ತದೆ, ಅಷ್ಟೇ. ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ವಿಚಿತ್ರ ಅನಿಸಿದ್ದು ಬೇರೆಯದೇ. "ಉದುರೋ ಎಲೆ ನೋಡೋಕೆ ಇಷ್ಟು ದೂರ ಹೋಗ್ತಾರಾ?" ನಮ್ಮ ಕಡೆ ಕಾಡು ಬಣ್ಣ ಬದಲಿಸುವುದು ಚಿಗುರುವಾಗ. ಬೇಸಿಗೆಯ ಮೊದಲು ಮಾವು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನಾಗಸಂಪಿಗೆ ಕೆಂಪಾಗುತ್ತದೆ. ಅದನ್ನು ನೋಡಲು ಯಾರೂ ರಜೆ ಹಾಕುವುದಿಲ್ಲ, ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಯುತ್ತದೆ.

ಮೂರು ವರ್ಷದ ಹಿಂದೆ ಇದೇ ಎಲೆಯ ಹಿಂದೆ ಕೊಲೊರಾಡೋಗೆ ಹೋಗಿ ಸೋತು ಬಂದಿದ್ದೆ. ಕಚೇರಿಯಲ್ಲಿ ರಜೆ ಸಿಕ್ಕಿದ್ದು ಅಕ್ಟೋಬರ್ ಎರಡನೇ ವಾರ. ಇರಲಿ ಅಂತ ಹೋದೆ. ಎಲೆಗಳೆಲ್ಲಾ ನೆಲದಲ್ಲಿದ್ದವು, ಮರಗಳು ಪೊರಕೆ ಕಡ್ಡಿಗಳ ಹಾಗೆ ನಿಂತಿದ್ದವು. 12,183 ಅಡಿ ಎತ್ತರಕ್ಕೆ ಹತ್ತುವ ಟ್ರೇಲ್ ರಿಡ್ಜ್ ರಸ್ತೆಯನ್ನು ಹಿಮ ಬಿದ್ದು ಮುಚ್ಚಿದ್ದರು. ಸರಿ, ಬೇರೆ ಕಡೆ ಹೋಗೋಣ ಅಂತ ನಾಲ್ಕು ದಿನದಲ್ಲಿ ಹದಿನೇಳು ಜಾಗ ಸುತ್ತಿದೆ. ಎಲ್ಲಾ ಕಡೆ ಮಧ್ಯಾಹ್ನದ ಬಿಸಿಲಲ್ಲೇ ತಲುಪಿದೆ. ಎರಡು ಸಾವಿರ ಫೋಟೋ ತೆಗೆದು, ಮನೆಗೆ ಬಂದು ನೋಡಿದರೆ ಗೋಡೆಗೆ ಹಾಕುವಂಥದ್ದು ಒಂದೂ ಇರಲಿಲ್ಲ.

ಈ ಸಲ ಹಾಗಾಗಬಾರದು. ಟೀಟನ್ ಕಡೆ ಬಣ್ಣ ಜೋರಾಗಿರುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರ. ಒಂದು ರಾತ್ರಿ ಜೋರು ಗಾಳಿ ಬೀಸಿದರೆ ಮುಗಿಯಿತು, ಆ ಭಯ ಇದ್ದೇ ಇದೆ. ಆದರೂ ಆ ವಾರವನ್ನೇ ಹಿಡಿದೆ. ಆಮೇಲೆ ಚಂದ್ರನ ಲೆಕ್ಕ ನೋಡಿದೆ.

ಟೀಟನ್ ಬೆಟ್ಟಗಳ ವಿಶೇಷ ಏನೆಂದರೆ ಅವುಗಳಿಗೆ ತಪ್ಪಲು ಪ್ರದೇಶವೇ ಇಲ್ಲ. ಘಟ್ಟದ ಹಾಗೆ ಗುಡ್ಡ, ಅದರ ಹಿಂದೆ ಇನ್ನೊಂದು ಗುಡ್ಡ ಅಂತ ಏರುವುದಿಲ್ಲ. ಬಯಲಿನಿಂದ ನೇರ ಗೋಡೆ. ಭೂಮಿ ಅಲ್ಲಿ ಬಿರುಕು ಬಿಟ್ಟಿದೆ. ಒಂದು ಬದಿ ಮೇಲೆದ್ದು ಬೆಟ್ಟವಾಯಿತು, ಇನ್ನೊಂದು ಬದಿ ಕುಸಿದು ಕಣಿವೆಯಾಯಿತು. ಆ ಕಣಿವೆಯ ನೆಲವೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಗ್ರ್ಯಾಂಡ್ ಟೀಟನ್ ಶಿಖರ ಅಲ್ಲಿಂದ ಇನ್ನೂ ಎರಡು ಸಾವಿರ ಮೀಟರ್ ಮೇಲಕ್ಕೆ ಹೋಗುತ್ತದೆ. ಬೆಟ್ಟಸಾಲು ಕಣಿವೆಯ ಪಶ್ಚಿಮಕ್ಕಿದೆ. ಹಾಗಾಗಿ ಬೆಳಗಿನ ಮೊದಲ ಬಿಸಿಲು ಕಲ್ಲಿನ ಮುಖಕ್ಕೇ ಬೀಳುತ್ತದೆ. ತುದಿ ಮೊದಲು ಗುಲಾಬಿಯಾಗುತ್ತದೆ, ಆಮೇಲೆ ನಿಧಾನಕ್ಕೆ ಬಣ್ಣ ಕೆಳಗಿಳಿಯುತ್ತದೆ. ಹುಣ್ಣಿಮೆಯ ಹೊತ್ತಿಗೆ ಚಂದ್ರ ಇಳಿಯುವುದೂ ಅದೇ ದಿಕ್ಕಿಗೆ.

ನಾನು ಹುಣ್ಣಿಮೆಯ ಬೆಳಗ್ಗೆಯೇ ಅಲ್ಲಿರಬೇಕು ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ತಪ್ಪು ಅಂತ ಗೊತ್ತಾಯಿತು. ಅವತ್ತು ಸೂರ್ಯ ಹುಟ್ಟುವ ಮೊದಲೇ ಚಂದ್ರ ಬೆಟ್ಟದ ಹಿಂದೆ ಹೋಗಿಬಿಟ್ಟಿರುತ್ತಾನೆ, ಬೆಟ್ಟ ಅಷ್ಟು ಎತ್ತರ. ಮರುದಿನ, 27ರಂದು, ಏಳೂಕಾಲರ ಹೊತ್ತಿಗೆ ಸೂರ್ಯ ಬರುವಾಗ ಚಂದ್ರ ಇನ್ನೂ ಬೆಟ್ಟಸಾಲಿನ ಮೇಲೆ ಸ್ವಲ್ಪ ಎತ್ತರದಲ್ಲಿರುತ್ತಾನೆ. ಕೆಂಪು ಕಲ್ಲು, ಮೇಲೆ ಚಂದ್ರ, ಕೆಳಗೆ ಹಳದಿ ಮರ. ಮೋಡ ಇರದಿದ್ದರೆ. ನಕ್ಷತ್ರದ ಫೋಟೋ ಈ ಸಲ ಬಿಡಬೇಕು, ಹುಣ್ಣಿಮೆಯ ಬೆಳಕಲ್ಲಿ ಆಕಾಶಗಂಗೆ ಎಲ್ಲಿ ಕಾಣುತ್ತದೆ? ಪರವಾಗಿಲ್ಲ. ರಾತ್ರಿ ಒಂದಿಷ್ಟು ನಿದ್ದೆಯಾದರೂ ಆಗುತ್ತದೆ.

ಶುಕ್ರವಾರ ಸಂಜೆ ಸಾಲ್ಟ್ ಲೇಕ್ ಸಿಟಿಗೆ ವಿಮಾನ, ಶನಿವಾರ ಅಲ್ಲಿಂದ ಕಾರು. ಟೀಟನ್ ಪಕ್ಕದ ಜ್ಯಾಕ್ಸನ್ ಊರಿಗೇ ವಿಮಾನವಿದೆ. ಆ ನಿಲ್ದಾಣ ಇರುವುದೇ ರಾಷ್ಟ್ರೀಯ ಉದ್ಯಾನದ ಒಳಗೆ. ಇಳಿಯುವಾಗ ಕಿಟಕಿಯಿಂದಲೇ ಬೆಟ್ಟ ಕಾಣುತ್ತದಂತೆ. ಆದರೆ ಮೂರು ಟಿಕೆಟ್ಟಿನ ಬೆಲೆ ನೋಡಿ ಐದಾರು ಗಂಟೆ ಡ್ರೈವ್ ಮಾಡುವುದೇ ಸರಿ ಅನಿಸಿತು. ಉಳಿಯುವುದು ಉದ್ಯಾನದ ಒಳಗಿನ ಮರದ ಕ್ಯಾಬಿನ್‌ನಲ್ಲಿ. ಅದು ಸಿಕ್ಕಿದ್ದು ಅದೃಷ್ಟ. ಯಾರೋ ರದ್ದು ಮಾಡಿದ್ದು ರಾತ್ರಿ ಒಂದು ಗಂಟೆಗೆ ಕಣ್ಣಿಗೆ ಬಿತ್ತು. ಮೂರು ವಾರ ದಿನಾ ಮಲಗುವ ಮೊದಲು ಆ ಪುಟ ತೆರೆದು ನೋಡುತ್ತಿದ್ದೆ, ಬೇರೆಯವರು ವಾಟ್ಸಾಪ್ ನೋಡುವ ಹಾಗೆ.

ಜಾಗ ಎರಡೇ. ಇದೇ ಈ ಸಲದ ನಿಯಮ. ಮೂರು ಬೆಳಗ್ಗೆ, ಎರಡು ಜಾಗ.

ಒಂದು ಶ್ವಾಬಾಕರ್ಸ್ ಲ್ಯಾಂಡಿಂಗ್. ಸ್ನೇಕ್ ನದಿಯ ಒಂದು ಕವಲಿಗೆ ಬೀವರ್‌ಗಳು ಅಡ್ಡ ಒಡ್ಡು ಕಟ್ಟಿವೆ. ಬೀವರ್ ಅಂದರೆ ಹಲ್ಲಿನಿಂದಲೇ ಮರ ಕಡಿದು, ಕೋಲು, ಕೆಸರು ಮೆತ್ತಿ ನೀರು ನಿಲ್ಲಿಸುವ ಪ್ರಾಣಿ. ಆ ನಿಂತ ನೀರಲ್ಲಿ ಇಡೀ ಬೆಟ್ಟಸಾಲು ತಲೆಕೆಳಗಾಗಿ ಕಾಣುತ್ತದೆ. 27ರ ಚಂದ್ರ ಇಲ್ಲಿಗೇ. ಕಾರು ನಿಲ್ಲಿಸಿದ ಜಾಗದಿಂದ ನೀರಿಗೆ ನಾಲ್ಕು ಹೆಜ್ಜೆ, ಅಮ್ಮನ ಮಂಡಿಗೂ ತೊಂದರೆಯಿಲ್ಲ. ಇನ್ನೊಂದು ಆಕ್ಸ್‌ಬೋ ಬೆಂಡ್. ನದಿ ಅಲ್ಲಿ ಎತ್ತಿನ ನೊಗದ ಹಾಗೆ ಬಾಗಿ ನಿಧಾನವಾಗುತ್ತದೆ. ಎದುರಿಗೆ ಮೌಂಟ್ ಮೋರನ್, ಕೆಳಗೆ ಆಸ್ಪೆನ್ ತೋಪು. ಅದು ರಸ್ತೆ ಪಕ್ಕದಲ್ಲೇ ಇದೆ, ಅದಕ್ಕೇ ಆ ವಾರ ಜಾತ್ರೆ. ಐದೂವರೆಗೆ ಹೋಗಿ ಟ್ರೈಪಾಡ್ ಇಡದಿದ್ದರೆ ಇನ್ನೊಬ್ಬರ ಟೋಪಿಯ ಫೋಟೋ ಸಿಗುತ್ತದೆ.

ಸ್ನೇಕ್ ರಿವರ್ ಓವರ್‌ಲುಕ್ ಅನ್ನುವ ಜಾಗವನ್ನು ಪಟ್ಟಿಯಿಂದ ಹೊಡೆದು ಹಾಕಿ, ಮತ್ತೆ ಸೇರಿಸಿದ್ದೇನೆ. ಕ್ಯಾಮೆರಾ ಇಲ್ಲದೆ ಹೋಗಲಿಕ್ಕೆ. 1942ರಲ್ಲಿ ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ನಿಂತು ಈ ಬೆಟ್ಟ, ನದಿಯ ಪ್ರಸಿದ್ಧ ಕಪ್ಪುಬಿಳುಪು ಫೋಟೋ ತೆಗೆದದ್ದು ಅಲ್ಲಿಂದ. ಈಗ ಮರ ಬೆಳೆದು ನದಿಯ ತಿರುವನ್ನು ಮುಚ್ಚಿವೆ, ಆ ಚಿತ್ರ ಇನ್ನು ಯಾರಿಗೂ ಸಿಗುವುದಿಲ್ಲ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಕಳಿಸಿದ, ಚಿನ್ನದ ಲೇಪ ಹಚ್ಚಿದ ಗ್ರಾಮಫೋನ್ ತಟ್ಟೆಯಲ್ಲಿ ಆ ಫೋಟೋ ಕೂಡ ಇದೆ. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆಯಲ್ಲ, ಅದರಲ್ಲಿ ಕನ್ನಡವೂ ಒಂದು. ಅಂದರೆ ಈ ಬೆಟ್ಟ, ಈ ನದಿ ಮತ್ತು ಒಂದು ಕನ್ನಡದ ದನಿ ಹೆಚ್ಚುಕಮ್ಮಿ ಐವತ್ತು ವರ್ಷದಿಂದ ಒಟ್ಟಿಗೆ ಪ್ರಯಾಣ ಮಾಡುತ್ತಿವೆ. ಇದನ್ನು ಅಮ್ಮನಿಗೆ ಅಲ್ಲೇ ನಿಂತು ಹೇಳಬೇಕು ಅಂತ ಇಟ್ಟುಕೊಂಡಿದ್ದೇನೆ. ಈಗಲೇ ಹೇಳಿದರೆ ಸಾಗರಕ್ಕೆ ಫೋನು ಹೋಗಿ, ಇಡೀ ಕೇರಿಗೆ ಗೊತ್ತಾಗಿಬಿಡುತ್ತದೆ.

ಯೆಲ್ಲೋಸ್ಟೋನ್‌ಗೆ ಎರಡು ದಿನ. ಅಷ್ಟರಲ್ಲಿ ಅದನ್ನು ನೋಡಿದೆ ಅನ್ನುವುದು ಸುಳ್ಳು. ಅದರ ಎಂಟರ ಆಕಾರದ ರಸ್ತೆಯೇ 142 ಮೈಲಿ. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಅನ್ನುವ ಬಣ್ಣದ ಬಿಸಿನೀರ ಬುಗ್ಗೆಗೆ ಚಳಿಯ ಬೆಳಗ್ಗೆ ಹೋದರೆ ಬರೀ ಹಬೆ ಕಾಣುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಅಲ್ಲಿಗೆ ಮಧ್ಯಾಹ್ನ. ಆ ನೀರಲ್ಲಿ ಸಿಲಿಕಾ ಇರುತ್ತದೆ. ಲೆನ್ಸಿಗೆ ಹನಿ ಬಿದ್ದರೆ ಒಣಗುವ ಮೊದಲೇ ಒರೆಸಬೇಕು, ಇಲ್ಲವಾದರೆ ಕಲೆ ಹೋಗುವುದು ಕಷ್ಟ.

ಲೆನ್ಸ್ ವಿಷಯಕ್ಕೆ ಬಂದರೆ, ಎರಡೇ ಒಯ್ಯುತ್ತಿದ್ದೇನೆ: 24–70 ಮಿ.ಮೀ., ಮತ್ತು ದೂರದ್ದನ್ನು ಹತ್ತಿರ ತರುವ 100–400 ಮಿ.ಮೀ. ತುಂಬಾ ಅಗಲದ ಲೆನ್ಸ್ ಮನೆಯಲ್ಲೇ. ಅದರಲ್ಲಿ ಇಷ್ಟು ದೊಡ್ಡ ಬೆಟ್ಟವೂ ಹುತ್ತದ ಹಾಗೆ ಕಾಣುತ್ತದೆ. ಪೋಲರೈಸರ್ ಫಿಲ್ಟರ್ ಬೇಕು. ಎಲೆಯ ಮೇಲಿನ ಹೊಳಪು ಹೋಗಿ ಹಳದಿ ಗಾಢವಾಗುತ್ತದೆ. ಆದರೆ ನೀರಿನ ಎದುರು ಅದನ್ನು ಪೂರ್ತಿ ತಿರುಗಿಸಿದರೆ ಪ್ರತಿಬಿಂಬವನ್ನೇ ನುಂಗಿಬಿಡುತ್ತದೆ, ಒಮ್ಮೆ ಮಾಡಿ ಅನುಭವಿಸಿದ್ದೇನೆ. ಬೆಳಗ್ಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬಹುದು, ಬ್ಯಾಟರಿಗಳು ಸ್ವೆಟರಿನ ಒಳಜೇಬಿಗೆ. ಡ್ರೋನ್ ತರಲಾ ಅಂತ ಗಂಡ ಕೇಳಿದ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅದನ್ನು ಹಾರಿಸುವ ಹಾಗಿಲ್ಲ. ಅವನಿಗೆ ಥರ್ಮಾಸ್ ಹಿಡಿಯುವ ಕೆಲಸ ಕೊಟ್ಟಿದ್ದೇನೆ.

ಅಪ್ಪನ ಹತ್ತಿರ ಒಂದು ಆಗ್ಫಾ ಕ್ಲಿಕ್ 3 ಇತ್ತು. ಒಂದು ರೋಲಿಗೆ 12 ಫೋಟೋ. ಜೋಗಕ್ಕೆ ಹೋದರೆ ಮೂರು, ಕೊಡಚಾದ್ರಿಗೆ ನಾಲ್ಕು, ಉಳಿದದ್ದು ಮದುವೆ ಮನೆಗೆ ಅಂತ ಹೊರಡುವ ಮೊದಲೇ ಲೆಕ್ಕ ಹಾಕುತ್ತಿದ್ದ. ಆ ಲೆಕ್ಕಾಚಾರ ಆಗ ಜಿಪುಣತನದ ಹಾಗೆ ಕಾಣುತ್ತಿತ್ತು. ಕೊಲೊರಾಡೋದ ಎರಡು ಸಾವಿರ ಫೋಟೋ ಅಳಿಸಿ ಹಾಕುವಾಗ ಅಪ್ಪ ತುಂಬಾ ನೆನಪಾದ. ಈ ಸಲ ಬೆಳಗ್ಗೆಗೆ 12 ಅಂತ ಇಟ್ಟುಕೊಳ್ಳಲಾ ಅಂತ ಯೋಚಿಸುತ್ತಿದ್ದೇನೆ. ಎಲ್ಕ್ ಬಂದರೆ ಮಾತ್ರ ಲೆಕ್ಕ ಬಿಡುತ್ತೇನೆ. ಅದು ನಮ್ಮ ಕಡವೆಯಂಥ ದೊಡ್ಡ ಜಿಂಕೆ. ಆ ತಿಂಗಳು ಗಂಡುಗಳು ಹೆಣ್ಣನ್ನು ಕರೆಯುತ್ತಾ ಕೊಳಲೊಡೆದ ಹಾಗೆ ಕೂಗುತ್ತವೆ.

ಅಪ್ಪನ ತಿಥಿ ದಶಮಿಗೆ. ನಾವು ಅಕ್ಟೋಬರ್ 2ಕ್ಕೇ ವಾಪಸ್. ಇದನ್ನು ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಿದೆ. ಅಮ್ಮ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಬೀನ್ಸ್ ಹೆಚ್ಚುತ್ತಾ ಅವಳೇ ಶುರು ಮಾಡಿದಳು. "ಅಲ್ಲ, ನಾವೇನು ಗೃಹಪ್ರವೇಶಕ್ಕೆ ಹೋಗ್ತಿದ್ದೀವಾ? ಗುಡ್ಡ ನೋಡೋಕೆ ಯಾವ ಮುಹೂರ್ತ. ಅವರಿದ್ದಿದ್ರೆ ಮೊದಲು ಅವರೇ ಕಾರಲ್ಲಿ ಕೂತಿರ್ತಿದ್ರು."

ಅಲ್ಲಿಂದ ಮಾತು ಕರಡಿಗೆ ಹೋಯಿತು. ಕರಡಿ, ತೋಳಗಳಿಂದ 100 ಗಜ ದೂರ ಇರಬೇಕು, ಉಳಿದ ಪ್ರಾಣಿಗಳಿಂದ 25 ಗಜ, ಅಂದೆ. ಕರಡಿಗೆ ಹೊಡೆಯುವ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು, ಅದರಲ್ಲಿರುವುದು ಮೆಣಸಿನಕಾಯಿಯ ಖಾರವೇ ಅಂತಲೂ ಹೇಳಿದೆ.

"ಯಾವ ಮೆಣಸು?"

"ಬ್ಯಾಡಗಿ ಇರಬೇಕು" ಅಂದೆ, ಸುಮ್ನೆ.

"ಬ್ಯಾಡಗಿ ಬಣ್ಣಕ್ಕೆ. ಕರಡಿ ಓಡಬೇಕು ಅಂದ್ರೆ ಸೂಜಿಮೆಣಸೇ ಆಗಬೇಕು."

ತಿನ್ನುವ ಸಾಮಾನನ್ನು ಹೊರಗೆ ಬಿಡುವಂತಿಲ್ಲ, ವಾಸನೆಗೆ ಕರಡಿ ಬರುತ್ತದೆ, ಎಲ್ಲಾ ಗಟ್ಟಿ ಡಬ್ಬಿಯಲ್ಲಿ ಹಾಕಿ ಕಾರಲ್ಲೋ ಕ್ಯಾಬಿನ್ನಿನಲ್ಲೋ ಬೀಗ ಹಾಕಿಡಬೇಕು ಅನ್ನುವುದನ್ನೂ ಹೇಳಿ ಮುಗಿಸಿದೆ. ಸಂಜೆ ನೋಡಿದರೆ ನನ್ನ ಪಟ್ಟಿಯ ಕೆಳಗೆ ಅಮ್ಮನ ದುಂಡು ಅಕ್ಷರದಲ್ಲಿ ಇನ್ನಷ್ಟು ಸೇರಿತ್ತು. ಅವಲಕ್ಕಿ, ಚಟ್ನಿಪುಡಿ, ತುಪ್ಪ, ಮಂಕಿ ಟೋಪಿ. ಕೊನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಅಂತ ಬರೆದು, ಹೊಡೆದು ಹಾಕಿ, ಅದರ ಪಕ್ಕದಲ್ಲಿ ಮತ್ತೆ ಬರೆದಿದ್ದಳು: ಸಣ್ಣ ಡಬ್ಬಿ.