ಗೇರುಮರದ ಕೆಳಗಿನ ಕೊಟೇಷನ್

ದೀಪಾವಳಿಗೆ ಇನ್ನೂ ಒಂದು ವಾರ ಇತ್ತು. ಒಂದೇ ದಿನ ಶಿವಮೊಗ್ಗಕ್ಕೆ ಹೋಗಿ ಎರಡು ಕೆಲಸ ಮುಗಿಸಿಕೊಂಡು ಬರೋಣ ಅಂತ ತೀರ್ಥಹಳ್ಳಿ ಕಡೆಯಿಂದ ಹೊರಟೆವು. ನನಗೊಂದು ಫೋನು, ಮನೆಗೊಂದು ಕಾರು. ನಮ್ಮ ಹಳೇ ಕಾರು ಮಂಡಗದ್ದೆ ದಾಟುವಷ್ಟರಲ್ಲಿ ಎರಡು ಸಲ ಕೆಮ್ಮಿತು. "ಅದಕ್ಕೂ ಗೊತ್ತಾಗಿದೆ ಮಾರಾಯ್ತಿ" ಅಂದರು ಇವರು. ಇವರಿಗೆ ಡ್ರೈವಿಂಗ್ ಬರುವುದಿಲ್ಲ. ಈ ವಿಷಯ ಮುಂದೆ ಬೇಕಾಗುತ್ತದೆ.

ದುರ್ಗಿಗುಡಿಯಲ್ಲಿ ಫೋನಿನ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹತ್ತು ವರ್ಷ ಆಂಡ್ರಾಯ್ಡ್ ಹಿಡಿದವಳು ನಾನು. ಬೆಂಗಳೂರಿನ ಮಗಳ ಹಟಕ್ಕೆ ಈಗ ಐಫೋನು. ಬೆಲೆ ಮೊದಲೇ ಗೊತ್ತಿತ್ತು. ಡಬ್ಬಿ ಮೇಲೆ ಎಂಆರ್‌ಪಿ ಇತ್ತು. ಅಂಗಡಿ ಹುಡುಗ ಅದರಲ್ಲಿ ಒಂದಿಷ್ಟು ಬಿಟ್ಟ, ಆನ್ ಮಾಡಿ ಎಲ್ಲ ಸೆಟ್ ಮಾಡಿಕೊಟ್ಟ. "ಹಳೇದರಲ್ಲಿ ಇರೋದನ್ನ ಮನೇಲಿ ಹಾಕ್ಕೊಳ್ಳಿ ಮೇಡಂ, ಸುಲಭ" ಅಂದ.

ಆಮೇಲೆ ಶೋರೂಮು. ತಣ್ಣನೆ ಎಸಿ, ಬಿಸಿ ಕಾಫಿ. "ಸರ್, ಬಜೆಟ್ ಎಷ್ಟು ಇಟ್ಕೊಂಡಿದೀರಿ?" ಇವರು ನನ್ನ ಮುಖ ನೋಡಿದರು. ದುಡ್ಡು ನನ್ನ ಸಂಬಳದ್ದು, ಓಡಿಸುವವಳೂ ನಾನೇ. ಆದರೂ ಇಂಜಿನ್, ಮೈಲೇಜ್ ಎಲ್ಲ ಇವರಿಗೆ ಹೇಳಿದರು. ನನಗೆ ತೋರಿಸಿದ್ದು ಮುಂದಿನ ಸೀಟಿನ ಮೇಲೆ ಬಿಸಿಲು ತಡೆಯುವ ಪಟ್ಟಿಯ ಹಿಂದಿರುವ, ಮುಖ ನೋಡಿಕೊಳ್ಳುವ ಕನ್ನಡಿ.

ಕೊನೆಗೆ ಕೊಟೇಷನ್ ಹಾಳೆ ಬಂತು. ಎಕ್ಸ್ ಶೋರೂಮ್ ಬೆಲೆ, ಅಂದರೆ ರೋಡ್ ಟ್ಯಾಕ್ಸು, ಇನ್ಶೂರೆನ್ಸು ಸೇರದ ಬೆಲೆ ಮಾತ್ರ ಅಚ್ಚಾಗಿತ್ತು, ಉಳಿದದ್ದೆಲ್ಲ ಪೆನ್ನಿನಲ್ಲಿ. ರೋಡ್ ಟ್ಯಾಕ್ಸ್ ಸರಿ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಅದು ಶೇ. 14, ಅದರ ಮೇಲೆ ಸೆಸ್ ಬೇರೆ. ಯಾರ ಹತ್ತಿರ ಜಗಳ ಆಡುವುದು? ಇನ್ಶೂರೆನ್ಸ್ ನೋಡಿದೆ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) 2018ರಿಂದ ಕಡ್ಡಾಯ, ಆದರೆ ಎಲ್ಲಿ ತಗೊಳ್ಳುವುದು ಅನ್ನೋದು ನಮ್ಮಿಷ್ಟ. ಕೇಳಿದ್ದಕ್ಕೆ, "ಹೊರಗೆ ತಗೊಂಡ್ರೆ ಕ್ಲೇಮಿಗೆ ಒದ್ದಾಡ್ತೀರಿ ಸರ್" ಅಂದರು. ಕೇಳಿದವಳು ನಾನು!

ಅದರ ಕೆಳಗೆ, ಹ್ಯಾಂಡ್ಲಿಂಗ್ ಚಾರ್ಜ್ 8,500.

"ಇದೇನು?"

"ಗೋಡೌನಿಂದ ಇಲ್ಲಿಗೆ ತರೋ ಖರ್ಚು, ಮೇಡಂ."

ಮೇಡಂ ಅಂದಿದ್ದು ಆಗಲೇ. ಅಕ್ಕಿ ಅಂಗಡಿಯವರು ಲಾರಿ ಬಾಡಿಗೆ ಅಂತ ನಮ್ಮ ಬಿಲ್ಲಿಗೆ ಬೇರೆ ಸಾಲು ಬರೆಯುತ್ತಾರಾ? 2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿತ್ತು. ಅದಕ್ಕೇ ಶೋರೂಮು ಗಿಜಿಗುಡುತ್ತಿತ್ತು. "ಈ ಆಫರ್ ಇವತ್ತಿಗೆ ಮಾತ್ರ" ಅಂದರು. ಎದ್ದು ಬಂದೆವು.

ವಾಪಸು ಬರುವಾಗ ದಾರಿಯುದ್ದಕ್ಕೂ ಗೊಣಗುತ್ತಾ ಬಂದೆ. ಮರ್ಸಿಡಿಸ್ ಬೆಂಜ್‌ನವರು 2021ರಲ್ಲೇ ನಮ್ಮ ದೇಶದಲ್ಲಿ ಪದ್ಧತಿ ಬದಲಿಸಿದರು. ಸ್ಟಾಕು ಕಂಪನಿಯದು, ಬಿಲ್ಲು ಕಂಪನಿಯದು, ದೇಶಕ್ಕೆಲ್ಲ ಒಂದೇ ಬೆಲೆ. ಡೀಲರಿಗೆ ಕಮಿಷನ್ ಅಷ್ಟೆ. 2025ರ ಜುಲೈನಲ್ಲಿ ಮುಂಬೈಗೆ ಬಂದ ಟೆಸ್ಲಾಕ್ಕಂತೂ ಡೀಲರೇ ಇಲ್ಲ. ಕೋಟಿ ಕೊಡುವವರಿಗೆ ಚೌಕಾಸಿ ಇಲ್ಲ, ಎಂಟು ಲಕ್ಷ ಕೊಡುವ ನಾವು ಜಗ್ಗಾಡಬೇಕು. ಈ ಶೋರೂಮುಗಳೇ ಬೇಡ, ಫೋನಿನ ಹಾಗೆ ಡಬ್ಬಿ ಮೇಲೆ ಬೆಲೆ ಹಾಕಿ ಮನೆಗೆ ಕಳಿಸಿಬಿಡಲಿ ಅಂದೆ. ಇವರು "ಹೂಂ" ಅಂದರು. ನಿದ್ದೆಯಲ್ಲಿದ್ದರು ಅಂತ ಕಾಣುತ್ತದೆ.

ಆ ಹುರುಪು ಇಳಿಸಿದ್ದು ರಾತ್ರಿ ಫೋನೇ. ನನ್ನ ಹಳೇ ವಾಟ್ಸ್ಯಾಪೆಲ್ಲ ಗೂಗಲ್ ಡ್ರೈವಿನಲ್ಲಿತ್ತು. ಐಫೋನು ಅದನ್ನು ಮುಟ್ಟುವುದಿಲ್ಲ. 'ಮೂವ್ ಟು ಐಒಎಸ್' ಅನ್ನೋ ಆ್ಯಪಿನಿಂದ ದಾಟಿಸಬೇಕು, ಅದೂ ಹೊಸ ಫೋನು ಸೆಟ್ ಆಗುವ ಮೊದಲು. ಅಂಗಡಿ ಹುಡುಗ ಸೆಟ್ ಮಾಡಿಯೇ ಕೊಟ್ಟಿದ್ದನಲ್ಲ! ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆ. ಎರಡೂ ಫೋನು ಚಾರ್ಜಿಗೆ ಹಾಕಿ ಪಕ್ಕಪಕ್ಕ ಮಲಗಿಸಿದೆ. ಅರ್ಧ ದಾಟಿರಬೇಕು, ಗುಡುಗು ಬಂತು, ಕರೆಂಟು ಹೋಯಿತು. ಹಳೇ ಫೋನಿನ ಬ್ಯಾಟರಿಗೆ ಮೊದಲೇ ಜೀವ ಇರಲಿಲ್ಲ. ಆರಿತು. ಮತ್ತೆ ಮೊದಲಿಂದ. ನನ್ನ ಹತ್ತು ವರ್ಷದ ಮಾತುಕತೆ, ಅಡಿಕೆ ಧಾರಣೆ ಗ್ರೂಪು, ಸ್ಕೂಲಿನ ಗ್ರೂಪು ಎಲ್ಲ ದಾಟುವಷ್ಟರಲ್ಲಿ ರಾತ್ರಿ ಎರಡೂವರೆ. ಆ ಹೊತ್ತಿಗೆ ಫೋನು ಮಾರಿದವರಲ್ಲಿ ಯಾರನ್ನು ಕೇಳಲಿ?

ಬೆಳಿಗ್ಗೆ ಯುಪಿಐ. ಅದಕ್ಕೆ ಸಿಮ್ಮಿನಿಂದ ಒಂದು ಎಸ್ಎಂಎಸ್ ಹೋಗಬೇಕು. ಆಂಡ್ರಾಯ್ಡಿನಲ್ಲಿ ಆ್ಯಪೇ ಕಳಿಸಿಬಿಡುತ್ತಿತ್ತು, ಇದರಲ್ಲಿ ಬಟನ್ ನಾವೇ ಒತ್ತಬೇಕು. ಒತ್ತಬಹುದು, ನೆಟ್‌ವರ್ಕ್ ಬೇಕಲ್ಲ. ನಮ್ಮಲ್ಲಿ ಸಿಗ್ನಲ್ ಸಿಗುವುದು ಹಿಂದಿನ ಗುಡ್ಡದ ಗೇರುಮರದ ಕೆಳಗೆ ಮಾತ್ರ. ಇಂಬಳದ (ಜಿಗಣೆ) ಕಾಟದಲ್ಲೇ ಹತ್ತಿ ಹೋಗಿ ಒತ್ತಿ ಬಂದೆ.

ಮೂರನೇ ದಿನ ಶೋರೂಮಿನ ಸೇಲ್ಸ್ ಹುಡುಗ ಡೆಮೋ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಅವತ್ತು ಮೂಲೆಯಲ್ಲಿ ಸುಮ್ನೆ ನಿಂತಿದ್ದವನು. ಅರವತ್ತು ಕಿಲೋಮೀಟರ್ ಬಂದಿದ್ದ. ನಾನು ಕೇಳಿದ್ದ ಎಎಂಟಿ ಗಾಡಿಯೇ, ಕ್ಲಚ್ ಒತ್ತದೆ ಗೇರ್ ತಾನೇ ಬದಲಾಗುವಂಥದ್ದು. ಹಳ್ಳ ದಾಟಿದ ಮೇಲೆ ನಮ್ಮ ಮನೆಗೊಂದು ಕಡಿದಾದ ಏರಿದೆ, ಜಂಬಿಟ್ಟಿಗೆ ಕಲ್ಲಿನದು, ಪಾಚಿ ಬೇರೆ. "ಲೋಡ್ ಹಾಕಿ ನೋಡಣ ಮೇಡಂ" ಅಂತ ಅವನೇ ಎರಡು ಮೂಟೆ ಅಕ್ಕಿ ಡಿಕ್ಕಿಗೆ ಹಾಕಿಸಿದ. ಇವರನ್ನು, ಅತ್ತೆಯನ್ನು ಹಿಂದೆ ಕೂರಿಸಿದ. ಏರಿನ ನಡುವೆ ಗೇರ್ ಬದಲಾಗುವಾಗ ಗಾಡಿ ಒಂದು ಕ್ಷಣ ಉಸಿರು ಬಿಟ್ಟ ಹಾಗೆ ನಿಂತಿತು. ಅತ್ತೆ "ಅಯ್ಯೋ ದೇವರೇ" ಅಂದರು.

"ನಿಮಗೆ ಇದು ಬೇಡ ಮೇಡಂ. ಮ್ಯಾನ್ಯುವಲ್ ತಗೊಳ್ಳಿ. ರೇಟೂ ಕಮ್ಮಿ" ಅಂದ ಹುಡುಗ.

ಇದನ್ನು ಯಾವ ವೆಬ್‌ಸೈಟು ನನಗೆ ಹೇಳುತ್ತಿತ್ತು? ಅವನಿಗೆ ಸಿಗುವ ಇನ್ಸೆಂಟಿವ್ ಅದರಲ್ಲಿ ಕಮ್ಮಿಯೋ ಜಾಸ್ತಿಯೋ, ಕೇಳಲಿಲ್ಲ. ಆ 8,500 ಇವನ ಈ ಅರವತ್ತು ಕಿಲೋಮೀಟರಿಗೆ ಅಂತ ಬರೆದಿದ್ದರೆ ತಕರಾರು ಮಾಡದೆ ಕೊಡುತ್ತಿದ್ದೆನೇನೋ.

ಹೊಸ ಕೊಟೇಷನ್ ಕೇಳಿದೆ. ಕರೆಂಟಿಲ್ಲ, ಹಾಗಾಗಿ ವೈಫೈಯೂ ಇಲ್ಲ. ಹುಡುಗನನ್ನು ಕರೆದುಕೊಂಡು ಗೇರುಮರದ ಕೆಳಗೆ ಹೋದೆ. ಅವನು ಆಫೀಸಿಗೆ ಫೋನು ಮಾಡಿದ, ದೂರ ಹೋಗಿ ಪಿಸುಗುಟ್ಟಿದ, ಮತ್ತೆ ಬಂದ. ಐದು ನಿಮಿಷಕ್ಕೆ ನನ್ನ ಫೋನು ಟಿಂಗ್ ಅಂದಿತು. ಇನ್ಶೂರೆನ್ಸ್ ಹೊರಗಿನದು. ಹ್ಯಾಂಡ್ಲಿಂಗ್ ಚಾರ್ಜ್ ಸಾಲು ಮಾಯ.

ಆಕ್ಸೆಸರೀಸ್ ಮಾತ್ರ ಮೊದಲಿಗಿಂತ ಎರಡು ಸಾವಿರ ಜಾಸ್ತಿ. ಹುಡುಗ ಆಚೆ ತಿರುಗಿ ಗೇರುಹೂವಿದೆಯಾ ಅಂತ ಮರ ನೋಡುತ್ತಿದ್ದ.