ಬ್ಯಾಟರಿಗೆ ನೀರು ಹಾಕುವವರು ಯಾರು?

13 ಜುಲೈ 2024, ಶನಿವಾರ
ಪಾವಗಡ ತಾಲ್ಲೂಕು

ಬೆಳಗಿನ ಶಾಲೆ ಮುಗಿದ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇತ್ತು. ದಾನಿಗಳ ಪತ್ರಕ್ಕೆ ಸೋಮವಾರದೊಳಗೆ ಉತ್ತರ ಬರೆಯಬೇಕು. ದೊಡ್ಡ ಸ್ಮಾರ್ಟ್ ಬೋರ್ಡ್ ಬೇಕೋ, ಇಲ್ಲವೇ ಛಾವಣಿಯ ಮೇಲೆ ಸೋಲಾರ್, ಅದಕ್ಕೊಂದು ಬ್ಯಾಟರಿ, ನಾಲ್ಕು ಕೊಠಡಿಗೆ ಫ್ಯಾನು ಮತ್ತು ದೀಪ ಬೇಕೋ? ಎರಡರಲ್ಲಿ ಒಂದನ್ನು ಮಾತ್ರ ಕೇಳಬಹುದು.

ನಾನು ಸ್ಮಾರ್ಟ್ ಬೋರ್ಡನ್ನೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಹೋಗಿದ್ದೆ. ಖಾಸಗಿ ಶಾಲೆಯ ಬಸ್ಸು ನಮ್ಮ ಗೇಟಿನ ಮುಂದೆಯೇ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುವುದನ್ನು ದಿನವೂ ನೋಡುವ ನನಗೆ ದಾಖಲಾತಿಯ ಚಿಂತೆ ಬಿಟ್ಟಿಲ್ಲ. ಅಲ್ಲದೆ, ಮನೆಯಲ್ಲಿ ತೆಲುಗು ಮಾತನಾಡುವ ನಮ್ಮ ಚಿಕ್ಕ ಮಕ್ಕಳಿಗೆ ಕನ್ನಡ ಪಾಠವನ್ನು ಚಿತ್ರ ಮತ್ತು ಧ್ವನಿಯೊಡನೆ ಹೇಳಿಕೊಟ್ಟರೆ ಎಷ್ಟು ಬೇಗ ಹಿಡಿಯುತ್ತಾರೆ ಎಂಬುದನ್ನು ನನ್ನ ಮೊಬೈಲಿನ ಸಣ್ಣ ಪರದೆಯಲ್ಲೇ ಕಂಡಿದ್ದೇನೆ. ಅಧ್ಯಕ್ಷರೂ ಒಪ್ಪಿದ್ದರು.

ಆಗ ಆರನೆಯ ತರಗತಿಯ ಹುಡುಗಿಯ ತಾಯಿ ಮಾತನಾಡಿದರು. ಅವರು ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ ಕೂಲಿಗೆ ಹೋಗುತ್ತಾರೆ. ಗುತ್ತಿಗೆಗೆ ಕೊಟ್ಟ ಅವರ ಹೊಲವೂ ಅದರೊಳಗೇ ಇದೆ. "ಸಾರ್, ಆಫೀಸ್ ರೂಮಿನಲ್ಲಿದ್ದ ಹಳೇ ಬ್ಯಾಟರಿ ಏನಾಯ್ತು?" ಎಂದು ಕೇಳಿದರು.

ಯಾರೂ ಉತ್ತರಿಸಲಿಲ್ಲ. ಎದ್ದು ಹೋಗಿ ನೋಡಿದೆವು. ಬೀರುವಿನ ಪಕ್ಕದಲ್ಲಿ, ಹಳೆಯ ಹಾಜರಿ ಪುಸ್ತಕಗಳ ಕಟ್ಟಿನ ಕೆಳಗೆ ಅದು ಇತ್ತು. ತಂತಿ ಕೂರುವ ಜಾಗದಲ್ಲಿ ಬಿಳಿ-ಹಸಿರು ಪುಡಿ ಹೆಪ್ಪುಗಟ್ಟಿತ್ತು. ಅವರು ಒಂದು ಮುಚ್ಚಳ ತಿರುಗಿಸಿ ತೆಗೆದು, ಒಳಗೆ ಬಗ್ಗಿ ನೋಡಿ, "ಒಣಗಿಹೋಗಿದೆ" ಎಂದರು. ಅದನ್ನು ತಂದ ವರ್ಷ ನಾವು ಪೂಜೆ ಮಾಡಿ, ಸಿಹಿ ಹಂಚಿ, ಫೋಟೋ ತೆಗೆಸಿಕೊಂಡಿದ್ದೆವು. ಬ್ಯಾಟರಿ ಒಣಗದಂತೆ ಆಗಾಗ ಡಿಸ್ಟಿಲ್ಡ್ ವಾಟರ್ (ಭಟ್ಟಿ ಇಳಿಸಿದ ಶುದ್ಧ ನೀರು) ಹಾಕುವುದು ಯಾರ ಕೆಲಸ ಎಂದು ಮಾತ್ರ ಬರೆದಿಟ್ಟಿರಲಿಲ್ಲ. ಮುಖ್ಯ ಶಿಕ್ಷಕನಾಗಿ ಆ ತಪ್ಪು ನನ್ನದು.

2,050 ಮೆಗಾವ್ಯಾಟ್ ಸಾಮರ್ಥ್ಯದ ಪಾರ್ಕು, ಸುಮಾರು 13,000 ಎಕರೆ, ಕಣ್ಣು ಹಾಯುವವರೆಗೂ ನೀಲಿ ಹಲಗೆಗಳು. ಅಲ್ಲಿಯ ವಿದ್ಯುತ್ತು ದೊಡ್ಡ ಗೋಪುರಗಳ ತಂತಿ ಹಿಡಿದು ದೊಡ್ಡ ವಿದ್ಯುತ್ ಜಾಲಕ್ಕೆ ಸೇರುತ್ತದೆ. ನಮ್ಮ ಶಾಲೆಗೆ ಬರುವುದು ಬೇರೆಯೇ ಆದ ಹಳ್ಳಿಯ ಲೈನು, ಆಷಾಢದ ಗಾಳಿ ಬೀಸಿದರೆ ಹೋಗುವ ಲೈನು. ಕಳೆದ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾದಾಗ, ಅನುದಾನದಲ್ಲಿ ಬಿಲ್ಲಿಗಾಗಿ ಹಣ ಎತ್ತಿಡುವ ಕಷ್ಟ ತಪ್ಪಿತೆಂದು ನಿಜವಾಗಿಯೂ ಸಂತೋಷಪಟ್ಟೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಕರೆಂಟೇ ಇಲ್ಲದಿದ್ದರೆ ಉಚಿತವಾದರೂ ಯಾವುದಕ್ಕೆ ಬಂತು, ಗೋಡೆಯ ಮೇಲಿನ ಸ್ಮಾರ್ಟ್ ಬೋರ್ಡಾದರೂ ಯಾವುದಕ್ಕೆ ಬಂತು?

ರಾತ್ರಿ ಊಟವಾದ ಮೇಲೆ ಲೆಕ್ಕ ಹಾಕಿದೆ. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ ಬಳಸುವ ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಅದೇ ಬ್ಯಾಟರಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಗಾಳಿ ಸಿಗುತ್ತದೆ. ದಾನಿಗಳ ಪತ್ರದಲ್ಲಿ ಎಂಥ ಫ್ಯಾನು ಎಂದು ಬರೆದಿಲ್ಲ, ಕೇಳಬೇಕು. ನಾಲ್ಕೈದು ವರ್ಷಕ್ಕೆ ಹೊಸ ಬ್ಯಾಟರಿಯ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಈಗಲೇ ಕೇಳಬೇಕು, ಸಂಕೋಚಪಡಬಾರದು.

ಹೊರಡುವಾಗ ಆ ತಾಯಿ ಹೇಳಿದರು: "ಧೂಳು ಕೂತರೆ ಪ್ಯಾನಲ್ ಕುರುಡಾಗುತ್ತೆ ಸಾರ್. ಶನಿವಾರ ನಾನೇ ಬಂದು ತೊಳೆದುಕೊಡ್ತೀನಿ." ಆಗ ಕೈಮುಗಿದು ಒಪ್ಪಿಕೊಂಡೆ. ಈಗ ಮನಸ್ಸು ಒಪ್ಪುತ್ತಿಲ್ಲ. ಅಲ್ಲಿ ಕೂಲಿಗೆ ಮಾಡುವ ಕೆಲಸವನ್ನು, ವಾರವೆಲ್ಲ ಬಿಸಿಲಿನಲ್ಲಿ ದುಡಿದ ಮೇಲೆ, ಇಲ್ಲಿ ಪುಕ್ಕಟೆ ಮಾಡಿಸಿಕೊಳ್ಳುವುದು ಹೇಗೆ? ಆಸಿಡ್ ತುಂಬಿದ ಬ್ಯಾಟರಿಯ ಹತ್ತಿರ ಮಕ್ಕಳನ್ನು ಬಿಡುವಂತೆಯೂ ಇಲ್ಲ. ಅಡುಗೆಯ ಅಕ್ಕನಿಗೆ ಇರುವ ಕೆಲಸವೇ ಹೊರೆ. ಉತ್ತರದ ಪತ್ರದಲ್ಲಿ ಸೋಲಾರ್ ಎಂದು ಬರೆದಿದ್ದೇನೆ. ಅದರ ಕೆಳಗೆ "ನಿರ್ವಹಣೆಯ ಜವಾಬ್ದಾರಿ" ಎಂದು ಬರೆದು, ಮುಂದೆ ಯಾರ ಹೆಸರು ಹಾಕಬೇಕೆಂದು ಇನ್ನೂ ತಿಳಿಯುತ್ತಿಲ್ಲ.